ಮಾವನವರ ನಿದ್ದೆ, ಮಗಳ ನಿದ್ದೆ

ಹಳಿಯಾಳದ ನಮ್ಮ ಮನೆಯ ಮೇಲಂತಸ್ತಿಗೆ ಹೋದ ದೀಪಾವಳಿಯ ಹೊತ್ತಿಗೆ ಎಳೆಯ ಗಂಡಹೆಂಡತಿ ಬಾಡಿಗೆಗೆ ಬಂದಿದ್ದಾರೆ. ಅವರಿಗೊಂದು ನಾಲ್ಕೈದು ತಿಂಗಳ ಕೂಸು. ಮೊನ್ನೆ ರವೆ ಬೆಲ್ಲದ ಸಜ್ಜಕ ಮಾಡಿದ್ದೆ. ಹಾಲುಣಿಸುವ ಹುಡುಗಿ ತಿನ್ನಲಿ ಎಂದು ಒಂದು ಬಟ್ಟಲು ತುಂಬಿಕೊಂಡು, ಮಂಡಿ ನೋವನ್ನೂ ಲೆಕ್ಕಿಸದೆ ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಗುಲಾಬಿ ಬಣ್ಣದ ಹಲಗೆಯೊಂದು ನೇತಾಡುತ್ತಿತ್ತು. ಮೂಲೆಯಲ್ಲಿ ನಗುವ ಚಂದ್ರ, ನಡುವೆ ಬರಹ: "ಮಗು ಮಲಗಿದೆ. ಬೆಲ್ ಒತ್ತಬೇಡಿ. ಬಾಗಿಲು ಬಡಿಯಬೇಡಿ. ಮೆಟ್ಟಿಲ ಮೇಲೆ ಮಾತಾಡಬೇಡಿ." ಹತ್ತಿ ಬಂದವರು ಉಸಿರಾಡಬಹುದೋ ಇಲ್ಲವೋ ಎಂಬುದೊಂದನ್ನು ಮಾತ್ರ ಬರೆದಿರಲಿಲ್ಲ.

ನಾನು ಬಟ್ಟಲು ಹಿಡಿದುಕೊಂಡೇ ಕೆಳಗೆ ಇಳಿದೆ. ಸಜ್ಜಕ ನಾನೇ ತಿಂದೆ. ತಿನ್ನುತ್ತ ಕೂತವಳಿಗೆ ಸಿಟ್ಟು ಇಳಿದು ನಗೆ ಬಂತು. ಏಕೆಂದರೆ ಇದೇ ಮನೆಯಲ್ಲಿ, ಇಸವಿ ಎಂಬತ್ತರ ಆಸುಪಾಸಿನಲ್ಲಿ, ಇಂಥ ಹಲಗೆಯ ಅಗತ್ಯವೇ ಇರಲಿಲ್ಲ. ಮಧ್ಯಾಹ್ನವಾದರೆ ಬೀದಿಯ ಸೋಡಾ ಮಾರುವವನೂ ನಮ್ಮ ಮನೆಯ ಮುಂದೆ ಬಾಟಲಿ ಕುಲುಕಿಸುತ್ತಿರಲಿಲ್ಲ. ಆಗ ಇಲ್ಲಿ ಮಲಗುತ್ತಿದ್ದುದು ಕೂಸಲ್ಲ, ನಮ್ಮ ಮಾವನವರು.

ನಮ್ಮದು ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ಊರಿನವರು ಮಾವನವರನ್ನು ಸಾವಕಾರರೆಂದೇ ಕರೆಯುತ್ತಿದ್ದರು. ಅವರು ಒಂದು ಗಂಟೆಗೆ ಅಂಗಡಿಯ ಹಲಗೆ ಹಾಕಿ ಒಳಗೆ ಬರುವರು. ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ, ನಾಲ್ಕು ಜೋಳದ ರೊಟ್ಟಿ, ಝುಣಕ, ಮೇಲೊಂದು ಚರಿಗೆ ಮಜ್ಜಿಗೆ ಮುಗಿಸಿ, ಪಡಸಾಲೆಯ ಗಾದಿಯ ಮೇಲೆ ಮಲಗಿ ಮುಖದ ಮೇಲೆ ಪಂಜೆ ಹಾಕಿಕೊಂಡರೆ ಮುಗಿಯಿತು. ಮೂರೂವರೆಯ ಚಹಾದವರೆಗೆ ಆ ಮನೆಯಲ್ಲಿ ಲೋಕವ್ಯಾಪಾರ ಬಂದ್. ಬಾವಿಯಿಂದ ನೀರು ಸೇದುವಂತಿಲ್ಲ, ಗಾಲಿ ಕಿರುಗುಟ್ಟುತ್ತದೆ. ಪಾತ್ರೆ ತಿಕ್ಕುವಂತಿಲ್ಲ. ಕುಟ್ಟುವಂತಿಲ್ಲ, ಬೀಸುವಂತಿಲ್ಲ. ಬಳೆ ಸಪ್ಪಳವಾದೀತೆಂದು ನಾನು ಕೈಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಿರುತ್ತಿದ್ದೆ. ಅತ್ತೆಯವರಂತೂ ಆ ಹೊತ್ತಿನಲ್ಲಿ ಪೂರ್ತಿ ಕೈಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದರು. ಉಪ್ಪು ಬೇಕೆಂದರೆ ಒಂದು ಸನ್ನೆ, ಬೆಕ್ಕು ಬಂತೆಂದರೆ ಇನ್ನೊಂದು. ಹೊಸತಾಗಿ ಬಂದಾಗ ನಾನು ಎರಡನ್ನೂ ಅದಲುಬದಲು ಮಾಡಿಕೊಂಡು, ಅವರು ಉಪ್ಪು ಕೇಳಿದರೆ ಬೆಕ್ಕನ್ನು ಹುಡುಕಿದ್ದುಂಟು.

ಇಷ್ಟೆಲ್ಲ ಮೌನದ ನಡುವೆ ಸದ್ದು ಮಾಡುವ ಅಧಿಕಾರ ಇದ್ದುದು ಮಾವನವರ ಗೊರಕೆಗೆ ಮಾತ್ರ. ಅದಕ್ಕೆ ಯಾವ ನಿರ್ಬಂಧವೂ ಇರಲಿಲ್ಲ.

ಬಾಣಂತನ ಮುಗಿಸಿಕೊಂಡು, ಮುಂಡಗೋಡ ತಾಲೂಕಿನ ಇಂದೂರಿನ ನನ್ನ ತವರಿನಿಂದ ನಾನು ಈ ಮನೆಗೆ ಕೂಸನ್ನು ಎತ್ತಿಕೊಂಡು ಬಂದೆ. ಹೆಣ್ಣು ಕೂಸು. ಮಾವನವರ ತಾಯಿಯ ಹೆಸರಿಟ್ಟು ಗೌರವ್ವ ಎಂದು ಕರೆದರು, ನನ್ನ ಬಾಯಲ್ಲಿ ಅವಳು ಗೌರಿ. ಹೆಸರು ಇಟ್ಟಾಗ ಮಾವನವರ ಕಣ್ಣಲ್ಲಿ ನೀರಿತ್ತು. ಆ ನೀರು ಒಣಗಲು ಒಂದು ವಾರ ಸಾಕಾಯಿತು.

ಗೌರಿ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿಯೇ ಕಣ್ಣು ಮುಚ್ಚುತ್ತಿದ್ದಳು. ಎಲ್ಲರೂ ತುದಿಗಾಲಲ್ಲಿ ನಡೆಯುತ್ತಿದ್ದೆವು. ಅರ್ಧ ತಾಸಾಗುವುದರೊಳಗೆ ಎಲ್ಲೋ ಒಂದು ಚಮಚ ತಟ್ಟೆಗೆ ತಾಗುವುದು, ಇಲ್ಲವೆ ಹಂಚಿನ ಮೇಲೆ ಕಾಗೆ ಕೂರುವುದು. ಆ ಬಿರಿಯುವಂಥ ಮೌನದಲ್ಲಿ ಅದು ಗುಂಡು ಹಾರಿದಂತೆ ಕೇಳುತ್ತಿತ್ತು. ಕೂಸು ಕೈಯೆತ್ತಿ ಬೆಚ್ಚಿ ಕುಂಯ್ ಅನ್ನುತ್ತಿತ್ತು. ನಾನು ಹಾರಿ ಎತ್ತಿಕೊಳ್ಳುವೆ, ಅತ್ತೆಯವರು ಓಡಿಬಂದು ಅದರ ಬಾಯಿ ಮೇಲೆ ಸೆರಗು ಹಿಡಿಯುವರು, ಹಲಗೆ ಹಾಕಿದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಮನೆಯವರು ಇಣುಕುವರು. ಅಷ್ಟರಲ್ಲಿ ಕೂಸಿನ ಚೀರಾಟ ಮನೆ ತುಂಬಿರುತ್ತಿತ್ತು. ಪಡಸಾಲೆಯಲ್ಲಿ ಪಂಜೆಯ ಒಂದು ತುದಿ ನಿಧಾನವಾಗಿ ಮೇಲೇಳುವುದು. ಮಾವನವರು ಯಾರನ್ನೂ ಬೈಯುತ್ತಿರಲಿಲ್ಲ. ಬೈಯುವವರನ್ನಾದರೂ ಸಹಿಸಬಹುದು. ಅವರು ಸುಮ್ಮನೆ ಎದ್ದು ಕೂತು, ಈ ಮನೆಯಲ್ಲಿ ತಾವಿನ್ನು ಹೆಚ್ಚು ದಿನ ಬದುಕುವುದಿಲ್ಲ ಎಂಬಂತೆ ಗೋಡೆ ನೋಡುತ್ತಿದ್ದರು.

ಇಂದೂರಿನಲ್ಲಿ ಚೆನ್ನಾಗಿ ಮಲಗುತ್ತಿತ್ತು ಎಂದು ನಾನು ಒಮ್ಮೆ ಬಾಯ್ತಪ್ಪಿ ಹೇಳಿದ್ದು ತಪ್ಪಾಯಿತು. ಹಾಗಾದರೆ ದೋಷ ಕೂಸಿನದಲ್ಲ, ತಾಯಿಯದು ಎಂದು ತೀರ್ಮಾನವಾಯಿತು. ತಾಯಿ ಜಡ ಪದಾರ್ಥ ತಿನ್ನುತ್ತಾಳೆ, ತಾಯಿ ಓದುತ್ತಾಳೆ, ತಾಯಿಗೆ ಜೋಗುಳ ಹಾಡಲು ಬರುವುದಿಲ್ಲ. ಕೊನೆಯದು ನಿಜ. ನನ್ನ ದನಿ ಹೇಗಿದೆಯೆಂದರೆ, ನಾನು ಜೋಗುಳ ಸುರು ಮಾಡಿದರೆ ಕೂಸು ಅಳು ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡುತ್ತಿತ್ತು.

ಆಗ ಧಾರವಾಡದಿಂದ ನಮ್ಮ ಹಿರಿಯ ನಾದಿನಿ ಬಂದರು. ಅವರು ಸಾಲೆಯಲ್ಲಿ ಟೀಚರ್. ಅವರ ಇಬ್ಬರು ಮಕ್ಕಳನ್ನೂ ಅವರ ಅತ್ತೆ ಬೆಳೆಸಿದ್ದರು, ಆದ್ದರಿಂದ ಮಕ್ಕಳ ವಿಷಯದಲ್ಲಿ ಅವರಿಗೆ ಬಹಳ ಸ್ಪಷ್ಟವಾದ ಅಭಿಪ್ರಾಯಗಳಿದ್ದವು. ಕೂಸಿಗೆ ಶಿಸ್ತು ಇಲ್ಲ ಎಂದು ಬಂದ ಗಳಿಗೆಯಲ್ಲೇ ಕಂಡುಹಿಡಿದರು. ಹಸಿವಾದಾಗ ಹಾಲು ಕೊಡುವುದು ಹಳ್ಳಿಯವರ ಪದ್ಧತಿಯಂತೆ, ಗಡಿಯಾರ ನೋಡಿ ಕೊಡಬೇಕಂತೆ. ಅತ್ತರೆ ಅಳಲಿ, ಎದೆ ಗಟ್ಟಿಯಾಗುತ್ತದೆ ಎಂದರು. ಸರಿ, ಅಳಲು ಬಿಟ್ಟೆವು. ಎದೆ ಗಟ್ಟಿಯಾದದ್ದು ನೆರೆಯವರದು. ಅವರು ಬಂದು, ಕೂಸಿಗೆ ದೃಷ್ಟಿಯಾಗಿದೆ, ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿ ಎಂದು ಹೇಳಿಹೋದರು. ಅತ್ತೆಯವರು ಹಾಗೇ ಮಾಡಿದರು. ಬ್ಯಾಡಗಿ ಮೆಣಸಿನಕಾಯಿಯ ಘಾಟಿಗೆ ಕೂಸಿಗಿಂತ ಮೊದಲು ಮಾವನವರೇ ಕೆಮ್ಮುತ್ತ ಎದ್ದು ಅಂಗಳಕ್ಕೆ ಓಡಿದರು. ಜಾಯಿಕಾಯಿ ತೇಯ್ದು ನೆಕ್ಕಿಸಿದ್ದೂ ಆಯಿತು, ನೆತ್ತಿಗೆ ಔಡಲೆಣ್ಣೆ ಒತ್ತಿದ್ದೂ ಆಯಿತು. ಗೌರಿ ಎಲ್ಲವನ್ನೂ ಸ್ವೀಕರಿಸಿ, ಅರ್ಧ ತಾಸಿಗೆ ಎದ್ದು ಕೂಗುತ್ತಿದ್ದಳು.

ಒಂದು ರಾತ್ರಿ ಊಟಕ್ಕೆ ಕೂತಾಗ ಮಾವನವರು ರೊಟ್ಟಿಯನ್ನು ನೋಡುತ್ತ ನಮ್ಮ ಮನೆಯವರಿಗೆ ಹೇಳಿದರು. ಕೂಸಿಗೆ ಮಲಗುವ ಬುದ್ಧಿ ಬರುವವರೆಗೆ ತಾಯಿಮಗಳು ಇಂದೂರಿನಲ್ಲೇ ಇರಲಿ, ಹಬ್ಬಕ್ಕೋ ಮದುವೆಗೋ ಬಂದು ಹೋಗಲಿ ಎಂದು. ಬುದ್ಧಿ ಬರಲು ಒಂದು ವರ್ಷ ಹಿಡಿಯಬಹುದು, ಎರಡೂ ಹಿಡಿಯಬಹುದು. ಅಂದರೆ ಒಬ್ಬರ ಮಧ್ಯಾಹ್ನದ ನಿದ್ದೆಗಾಗಿ ನನ್ನ ಸಂಸಾರವನ್ನೇ ಮಡಿಚಿ ಕಪಾಟಿನಲ್ಲಿಡುವುದೆಂದು ಗೊತ್ತಾಯಿತು. ನಾನು ಗಂಡನ ಮುಖ ನೋಡಿದೆ. ಅವರು ಪುಂಡಿಪಲ್ಯ ಬಹಳ ಚಲೋ ಆಗಿದೆ ಎಂದರು. ಅವರು ಒಳ್ಳೆಯವರು, ಈಗಲೂ ಒಳ್ಳೆಯವರೇ. ಆದರೆ ತಂದೆಯ ಎದುರು ಅವರ ಧೈರ್ಯವೆಲ್ಲ ಪಲ್ಯದ ಕಡೆ ತಿರುಗಿಬಿಡುತ್ತಿತ್ತು.

ಹೋಗುವ ದಿನ ಇನ್ನೂ ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಪವಾಡ ನಡೆಯಿತು. ಒಂದು ಮಧ್ಯಾಹ್ನ ಗೌರಿ ಮಲಗಿದವಳು ಏಳಲೇ ಇಲ್ಲ. ಕಾಗೆ ಕೂತಿತು, ಬೆಕ್ಕು ಹಾಲಿನ ಪಾತ್ರೆ ಉರುಳಿಸಿತು, ಕೂಸು ಕದಲಲಿಲ್ಲ. ಮಾವನವರ ಚಹಾ ಮುಗಿದ ಮೇಲೆ ಎದ್ದಳು. ಮರುದಿನವೂ ಹಾಗೇ. ಮನೆಯಲ್ಲಿ ಹಬ್ಬದ ಕಳೆ ಬಂತು. ಗಡಿಯಾರದ ಶಿಸ್ತು ಫಲ ಕೊಟ್ಟಿತೆಂದು ಧಾರವಾಡದ ನಾದಿನಿ ಊರಿಗೆ ಹೊರಡುವ ಮುನ್ನ ಬೀದಿಗೆಲ್ಲ ಹೇಳಿದರು. ಇಳಿ ತೆಗೆದದ್ದರಿಂದ ಎಂದು ಅತ್ತೆಯವರು ನಂಬಿದರು. ನಮ್ಮ ಮನೆಯವರು ತಾವು ತೊಟ್ಟಿಲ ಹಗ್ಗ ಬದಲಿಸಿದ್ದನ್ನು ನೆನಪಿಸಿದರು. ನಾನೂ ಸುಮ್ಮನಿರಲಿಲ್ಲ, ಜೋಗುಳದಲ್ಲಿ ನನ್ನ ದನಿ ಸುಧಾರಿಸಿದೆ ಎಂದುಕೊಂಡೆ. ಮಾವನವರು ಮಾತ್ರ ಯಾವ ಕೀರ್ತಿಯನ್ನೂ ಕೇಳಲಿಲ್ಲ. ಅವರು ಏನನ್ನೂ ಕೇಳದೆ ಇದ್ದುದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೂರನೆಯ ದಿನ ನನ್ನ ಎದೆ ಹಾಲು ತುಂಬಿ ಕಲ್ಲಾಗಿತ್ತು. ಕೂಸಿಗೆ ಕುಡಿಸೋಣವೆಂದು ಎತ್ತಿಕೊಂಡೆ. ಹಿಂಡಿದ ಅರಿವೆಯಂತೆ ಕೈಮೇಲೆ ಜೋತುಬಿತ್ತು. ಕೆನ್ನೆ ತಟ್ಟಿದೆ, ಅಂಗಾಲು ಚಿವುಟಿದೆ, ಮೊಲೆ ಬಾಯಿಗಿಟ್ಟೆ. ತುಟಿ ಕೂಡ ಅಲ್ಲಾಡಲಿಲ್ಲ. ರೆಪ್ಪೆ ಎತ್ತಿ ನೋಡಿದರೆ ಕಣ್ಣಪಾಪೆ ಸಾಸಿವೆಯಷ್ಟು ಚಿಕ್ಕದಾಗಿತ್ತು. ಉಸಿರು ಇತ್ತು, ಆದರೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ಸತ್ತು ಹುಟ್ಟುವಷ್ಟು ಅಂತರವಿತ್ತು.

ನಾನು ಆ ಮನೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದೆ. ಪಡಸಾಲೆಗೆ ಓಡಿ, ಮಾವನವರ ಮುಖದ ಮೇಲಿನ ಪಂಜೆ ಕಿತ್ತೆಸೆದು, ಕೂಸು ಏಳುತ್ತಿಲ್ಲ ಎಂದು ಕೂಗಿದೆ.

ಅವರು ಕಣ್ಣುಜ್ಜುತ್ತ ಎದ್ದು ಕೂತರು. "ಮಲಗಿದ ಕೂಸನ್ನ ಯಾಕ ಎಬ್ಬಸ್ತಿ?" ಎಂದರು. ನಂತರ ಕೂಸಿನ ಮುಖ ನೋಡಿದರು. ಅವರ ದನಿ ಇಳಿಯಿತು. "ಅರ್ಧಾನ ಕೊಟ್ಟೇನಿ," ಎಂದರು.

"ಏನ ಅರ್ಧಾ?" ಎಂದೆ.

"ಗುಳಿಗಿ. ಎಲ್ಲಾರೂ ಒಂದು ಕೊಡ್ತಾರ. ನಾ ಅರ್ಧಾನ ಕೊಟ್ಟೇನಿ."

ಆ ಗುಳಿಗೆಯ ಬಗ್ಗೆ ಹೇಳಬೇಕು. ಅಂಗಡಿಯ ಎದುರಿನ ಕಪಾಟಿನಲ್ಲಿ ಅಳವಿ, ಅಂಟು, ಅಜವಾನ, ಬಜೆ ಎಂದು ಬಾಣಂತಿಯರ ಸಾಮಾನೆಲ್ಲ ಇರುತ್ತಿತ್ತು. ಕೂಸಿನ ಗುಳಿಗೆ ಮಾತ್ರ ಅಂಗಡಿಯಲ್ಲಿ ಮಾವನವರು ಕೂರುವ ಗಾದಿಯ ಕೆಳಗಿನ ತಗಡಿನ ಡಬ್ಬಿಯಲ್ಲಿ ಇರುತ್ತಿತ್ತು. ಸಣ್ಣಗೆ, ಕಪ್ಪಗೆ, ಇಲಿಯ ಹಿಕ್ಕೆಯಂತೆ. ಅದರಲ್ಲಿ ಅಫೀಮು ಸೇರಿದೆ ಎಂಬುದು ಮಾರುವವರಿಗೂ ಗೊತ್ತು, ಒಯ್ಯುವವರಿಗೂ ಗೊತ್ತು, ಆ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಒಯ್ಯುತ್ತಿದ್ದವರು ಹೆಚ್ಚಾಗಿ ಕೂಲಿಗೆ ಹೋಗುವ ಹೆಂಗಸರು. ಕೂಸನ್ನು ಬದುವಿನ ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಹಾಕಿ ಕಳೆ ತೆಗೆಯಬೇಕು, ಅಳುವ ಕೂಸಿನವಳನ್ನು ನಾಳೆ ಕೆಲಸಕ್ಕೆ ಕರೆಯುವುದಿಲ್ಲ. ಅವರನ್ನು ಹಂಗಿಸುವ ಯೋಗ್ಯತೆ ನನಗಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. ಮೆತ್ತಗಿನ ಗಾದಿ, ಕೈಗೊಂದು ಕಾಲಿಗೊಂದು ಆಳು ಇದ್ದವರಿಗೆ ಏನು ದಾಡಿಯಾಗಿತ್ತು? ನಾನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಅಜ್ಜ ಮೊಮ್ಮಗಳನ್ನು ಮುದ್ದಾಡುತ್ತಿದ್ದಾನೆ ಎಂದು ಎಲ್ಲರೂ ತಿಳಿದ ಹೊತ್ತಿನಲ್ಲಿ, ಆ ಅಜ್ಜ ಮೊಮ್ಮಗಳಿಗೆ ಅಫೀಮು ನೆಕ್ಕಿಸುತ್ತಿದ್ದ.

ನಮ್ಮ ಮನೆಯವರು ಕೂಸನ್ನು ನನ್ನ ಕೈಯಿಂದ ಕಸಿದುಕೊಂಡು ಬರಿಗಾಲಲ್ಲಿ ಪೇಟೆಯ ಡಾಕ್ಟರರ ಬಳಿ ಓಡಿದರು. ನಾನು ಹಿಂದೆ, ಅತ್ತೆಯವರು ನನ್ನ ಹಿಂದೆ. ಮಾವನವರು ಎಲ್ಲರಿಗಿಂತ ಹಿಂದೆ, ಕೋಟು ಹಾಕಿಕೊಂಡು ಬಂದರು. ಮರ್ಯಾದೆಯ ಮನುಷ್ಯ, ಕೋಟಿಲ್ಲದೆ ಬೀದಿಗಿಳಿಯುವವರಲ್ಲ.

ಡಾಕ್ಟರರು ಏನು ಕೊಟ್ಟಿರಿ ಎಂದು ಕೇಳಿದರು. ಮಾವನವರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು. ನಾನೇ ಹೇಳಿದೆ. ಡಾಕ್ಟರರು ಕಣ್ಣು ಕೆಂಪಗೆ ಮಾಡಿಕೊಂಡು ಬೈದರು. ಬೈದದ್ದು ನನ್ನನ್ನು. ಓದಿದ ಹೆಣ್ಣುಮಗಳು ನೀನು, ನಿನಗೆ ಇಷ್ಟೂ ತಿಳಿಯಲಿಲ್ಲವೇ ಎಂದು. ಅವರ ಮನೆಗೆ ಬೇಳೆ ಬೆಲ್ಲ ಹೋಗುತ್ತಿದ್ದುದು ಸಾವಕಾರರ ಅಂಗಡಿಯಿಂದ, ಹಾಗಾಗಿ ಸಿಟ್ಟು ಬಂದರೂ ಅದು ಸರಿಯಾದ ಕಡೆ ಹೋಗುವ ಹಾಗಿರಲಿಲ್ಲ. ಆದರೆ ಕೆಲಸ ಮಾತ್ರ ಮನಸ್ಸಿಟ್ಟು ಮಾಡಿದರು, ಅದನ್ನು ಮರೆಯಲಾರೆ. ತಣ್ಣೀರಿನ ಅರಿವೆಯಿಂದ ಮುಖ ಒರೆಸಿದರು, ಅಂಗಾಲಿಗೆ ಬೆರಳಿನಿಂದ ಹೊಡೆಯುತ್ತ ಹೋದರು, ಉಸಿರಿನ ಮೇಲಿನ ಕಣ್ಣು ತೆಗೆಯಲಿಲ್ಲ. ಸಂಜೆಯೊಳಗೆ ಸರಿಹೋಗದಿದ್ದರೆ ಧಾರವಾಡಕ್ಕೆ ಒಯ್ಯಬೇಕು ಎಂದರು. ನಾವು ಸರದಿಯ ಮೇಲೆ ಅಂಗಾಲು ತಿಕ್ಕಿದೆವು. ಇಷ್ಟು ದಿನ ಮಲಗು ಮಲಗು ಎಂದು ಆ ಕೂಸಿನ ಬೆನ್ನು ಹತ್ತಿದವರೆಲ್ಲ ಈಗ ಏಳು ತಾಯಿ, ಏಳು ಎಂದು ಅದರ ಕಾಲು ಹಿಡಿದಿದ್ದೆವು.

ದೀಪ ಹಚ್ಚುವ ಹೊತ್ತಿಗೆ ಗೌರಿ ಮುಖ ಹಿಂಡಿದಳು, ಬಾಯಿ ತೆರೆದಳು, ಅತ್ತಳು. ಅಷ್ಟು ಒಳ್ಳೆಯ ಸಂಗೀತವನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಮನೆಗೆ ಬರುವ ದಾರಿಯಲ್ಲಿ ಮಾವನವರು ಮಗನಿಗೆ ಮೆಲ್ಲಗೆ, ನೀವೆಲ್ಲ ಹಾಗೇ ಬೆಳೆದವರು, ಏನಾಗಿದೆ ನಿಮಗೆ ಎಂದರು. ಏನಾಗಿದೆ ಎಂಬುದನ್ನು ನಾನು ಪಕ್ಕದಲ್ಲೇ ನಡೆಯುತ್ತ ನೋಡುತ್ತಿದ್ದೆ. ನಮ್ಮ ಮನೆಯವರು ಬಹಳ ಹೊತ್ತು ಯೋಚಿಸಿ, ಇನ್ನಷ್ಟು ಸಾರು ಬಡಿಸಿರಿ ಎಂದು ಕೇಳುವ ದನಿಯಲ್ಲಿ, "ಅಪ್ಪಾ, ಇನ್ನ ಕೊಡಬ್ಯಾಡ್ರಿ," ಎಂದರು. ಅವರ ಮಟ್ಟಿಗೆ ಅದು ದಂಗೆ.

ಮರುದಿನ ಬೆಳಗ್ಗೆ ಯಾರೂ ಕಳಿಸುವ ಮೊದಲೇ ನಾನು ಗಂಟು ಕಟ್ಟಿದೆ. ಕಲಘಟಗಿಯಲ್ಲಿ ಬಸ್ಸು ಬದಲಿಸಿ ಮುಂಡಗೋಡ, ಅಲ್ಲಿಂದ ಇಂದೂರು. ಬಸ್ಸಿನಲ್ಲಿ ಕಿಟಕಿಗಳು ಗಡಗಡ ಹೊಡೆದುಕೊಳ್ಳುತ್ತಿದ್ದವು, ಕಂಡಕ್ಟರ್ ಸೀಟಿ ಊದುತ್ತಿದ್ದ, ನನ್ನ ಪಕ್ಕದಲ್ಲಿ ಕೂತ ಟಿಬೆಟನ್ ಕಾಲೊನಿಯ ಅಜ್ಜಿಯೊಬ್ಬಳು ಮಣಿಸರ ಎಣಿಸುತ್ತ ಗುಣುಗುಣು ಅನ್ನುತ್ತಿದ್ದಳು. ಗೌರಿ ದಾರಿಯುದ್ದಕ್ಕೂ ನಿದ್ದೆ ಮಾಡಿದಳು. ನಾನು ಹೆದರಿ ಮತ್ತೆ ಮತ್ತೆ ಅವಳ ಮೂಗಿನ ಬಳಿ ಬೆರಳಿಡುತ್ತಿದ್ದೆ. ಅದು ಒಳ್ಳೆಯ, ಸಾದಾ, ಬೆಚ್ಚಗಿನ ಉಸಿರು.

ಇಂದೂರಿನಲ್ಲಿ ಗೋವಿನಜೋಳದ ಸುಗ್ಗಿ. ಅಂಗಳದ ತುಂಬ ತೆನೆ. ಅವ್ವ ನನ್ನನ್ನು ಕಂಡು, ಹಬ್ಬವಿಲ್ಲ ಹುಣ್ಣಿವೆಯಿಲ್ಲ, ಯಾಕೆ ಬಂದೆ ಎಂದು ಕೇಳಿದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಬೀಗರಿಗೆ ಒಂದಿಷ್ಟು ಬೈದು, ಮತ್ತೆ ತೆನೆ ಬಡಿಯಲು ಕೂತಳು. ಮೊದಲ ಕೆಲವು ದಿನ ಗೌರಿ ಹಗಲಿಡೀ ರಚ್ಚೆ ಹಿಡಿದಳು, ಮೈ ಬಿಗಿ ಮಾಡಿ ಅತ್ತಳು. ಅದು ಗುಳಿಗೆಯ ದೋಷವೋ ಹೊಸ ಜಾಗದ್ದೋ, ಆ ದೇವರೇ ಬಲ್ಲ. ನಾನು ಅವಳನ್ನು ಎತ್ತಿಕೊಂಡು ಅಂಗಳದಲ್ಲಿ ಸುತ್ತಿದೆ. ಆಮೇಲೆ ಅವಳ ರಚ್ಚೆ ಇಳಿಯಿತು.

ಅವ್ವನ ಮನೆಯ ಗಡಿಯಾರ ನಿಂತು ಎಷ್ಟೋ ವರ್ಷವಾಗಿತ್ತು. ಆದರೆ ಅಲ್ಲಿ ಕೆಲಸಗಳಿಗೆ ಒಂದು ಸಾಲಿತ್ತು. ಬಿಸಿಲು ಹೊಸ್ತಿಲಿಗೆ ಬಂದಾಗ ಕೂಸಿಗೆ ಎರೆಯುವುದು. ಎರೆದ ಮೇಲೆ ಲೋಬಾನದ ಹೊಗೆ, ಹಾಲು, ನಂತರ ಪಡಸಾಲೆಯ ತೊಲೆಗೆ ಕಟ್ಟಿದ ಹಳೆ ಸೀರೆಯ ಜೋಳಿಗೆ. ಮಳೆ ಬಂದರೂ ಅದೇ ಸಾಲು, ಮನೆಗೆ ನೆಂಟರು ಬಂದರೂ ಅದೇ ಸಾಲು. ಅದು ಕೂಸಿನ ಸಲುವಾಗಿ ಮಾಡಿದ್ದಲ್ಲ. ಆ ಹೊತ್ತಿಗೆ ಒಲೆ ಖಾಲಿಯಿರುತ್ತಿತ್ತು, ನೀರು ಕಾದಿರುತ್ತಿತ್ತು, ಅಷ್ಟೆ. ಜೋಳಿಗೆಯ ಪಕ್ಕದಲ್ಲೇ ಅವ್ವ ಬಡಿಗೆ ಹಿಡಿದು ತೆನೆ ಬಡಿಯುತ್ತಿದ್ದಳು. ಎತ್ತಿನ ಕೊರಳ ಗಂಟೆ, ಬಾವಿಯ ಗಾಲಿ, ಆಚೆಮನೆಯವರ ಜಗಳ. ಈ ಸಂತೆಯಲ್ಲಿ ಗೌರಿ ಮಲಗಿಯೇ ಇರುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಂಗಳದ ಆಚೆ ತುದಿಯಲ್ಲಿದ್ದೆ. ಮಲಗಿ ಅರ್ಧ ತಾಸಾಗಿರಬೇಕು, ಜೋಳಿಗೆ ಅಲುಗಿತು. ಗೌರಿ ಕುಂಯ್ ಅಂದಳು. ನಾನು ಕಾಳು ಚೆಲ್ಲಿ ಓಡಬೇಕೆನ್ನುವಷ್ಟರಲ್ಲಿ ನೋಡಿದೆ, ಪಕ್ಕದಲ್ಲಿದ್ದ ಅವ್ವ ತಲೆಯೆತ್ತಲೂ ಇಲ್ಲ. ಬಡಿಗೆ ನಿಲ್ಲಲಿಲ್ಲ. ಕೂಸು ಸೀರೆಯಂಚಿನಿಂದ ಒಂದು ಕೈ ಹೊರಗೆ ಹಾಕಿತು, ಒಂದೆರಡು ಸಲ ಗೊಣಗಿತು, ಬಾಯಿ ಚಪ್ಪರಿಸಿತು, ಕೈ ಒಳಗೆಳೆದುಕೊಂಡು ಮತ್ತೆ ಮಲಗಿತು. ಆಮೇಲೆ ನಾವು ಕಾಳು ಕೇರಿ ಚೀಲ ತುಂಬುವವರೆಗೂ ಏಳಲಿಲ್ಲ.

ನಾನು ಅಲ್ಲೇ ಕುಕ್ಕರಿಸಿದೆ. ಹಳಿಯಾಳದಲ್ಲಿ ಆ ಕೂಸು ಎಂದೂ ಅರ್ಧ ತಾಸಿಗೆ ಎದ್ದಿರಲೇ ಇಲ್ಲ. ಅದು ಮಗ್ಗಲು ಬದಲಿಸುತ್ತಿತ್ತು ಅಷ್ಟೆ. ಆ ಗಳಿಗೆಯನ್ನೇ ಕಾದಿದ್ದವರಂತೆ ನಾವು ಮೂವರು ಹಾರಿಬೀಳುತ್ತಿದ್ದೆವು. ಒಬ್ಬರು ಎತ್ತುವುದು, ಒಬ್ಬರು ಬಾಯಿ ಮುಚ್ಚುವುದು, ಒಬ್ಬರು ಇಣುಕುವುದು. ಅರೆನಿದ್ದೆಯಲ್ಲಿ ಬಾಯಿಗೆ ಸೆರಗು ತುರುಕಿದರೆ ಮಾವನವರೂ ಕೂಗಿಕೊಳ್ಳುತ್ತಿದ್ದರು. ಪಿಯುಸಿ ಪಾಸಾದ ನನಗೆ ಇದು ಹೊಳೆದಿರಲಿಲ್ಲ. ಅವ್ವನಿಗೂ ಹೊಳೆದಿರಲಿಲ್ಲ. ಬೇಕೆಂದೇ ಎತ್ತಿಕೊಳ್ಳಲಿಲ್ಲವೇನು ಎಂದು ನಾನು ಬಹಳ ಗೌರವದಿಂದ ಕೇಳಿದಾಗ ಅವಳು, "ಕೈಯಾಗ ಕೆಲಸ ಇತ್ತವಾ, ಯಾರು ಎತ್ಕೊಂಡು ಕುಂದರ್ತಾರ?" ಎಂದಳು.

ಸುಗ್ಗಿ ಮುಗಿಯುತ್ತ ಬಂದಾಗ ನಮ್ಮ ಮನೆಯವರು ಕರೆಯಲು ಬಂದರು. ಮನೆ ಬಿಕೋ ಅನ್ನುತ್ತಿದೆಯಂತೆ, ಅಮ್ಮ ಸರಿಯಾಗಿ ಉಣ್ಣುತ್ತಿಲ್ಲವಂತೆ. ಅಪ್ಪ ಆ ಡಬ್ಬಿಯನ್ನು ಗಟಾರಕ್ಕೆ ಸುರಿದರಂತೆ. ಯಾರು ಸುರಿಸಿದರು ಎಂದು ಕೇಳಿದೆ. ನಾನು ಎಂದು ಅವರು ನೆಲ ನೋಡುತ್ತ ಹೇಳಿದರು. ಅವರನ್ನು ಮದುವೆಯಾದದ್ದು ಪೂರ್ತಿ ನಷ್ಟವಲ್ಲ ಎಂದು ಆಗ ಮೊದಲ ಸಲ ಅನ್ನಿಸಿತು. ಆದರೆ ನನ್ನದೊಂದು ಕರಾರಿದೆ, ಮಧ್ಯಾಹ್ನ ಆ ಮನೆಯಲ್ಲಿ ನೀರು ಸೇದಬೇಕು, ಪಾತ್ರೆ ತಿಕ್ಕಬೇಕು, ಮನುಷ್ಯರ ಹಾಗೆ ಮಾತಾಡಬೇಕು ಎಂದೆ. ಗಟಾರದ ಹತ್ತಿರ ಅವರ ಧೈರ್ಯದ ದಾಸ್ತಾನು ಮುಗಿದಿತ್ತು. ಅದನ್ನು ನೀನೇ ಹೇಳು ಎಂದರು.

ನಾನೇ ಹೇಳಿದೆ. ಊಟ ಮುಗಿಸಿ ಗಾದಿಯತ್ತ ಹೊರಟಿದ್ದ ಮಾವನವರ ಎದುರು ತಲೆಯ ಮೇಲೆ ಸೆರಗು ಹೊದ್ದು ನಿಂತು ಹೇಳಿದೆ.

"ಮನಿಯೇನ ಸಂತಿ ಅಂತ ತಿಳ್ಕೊಂಡಿಯೇನ?" ಎಂದರು.

"ಸಂತ್ಯಾಗ ಕೂಸು ಮಲಗ್ತೈತ್ರಿ, ಮಾವಾರ. ನಿಮ್ಮ ಮನ್ಯಾಗ ಮಲಗೂದಿಲ್ಲ," ಎಂದೆ.

ಡಾಕ್ಟರರ ಕೋಣೆಯ ಆ ಸಂಜೆಯ ನಂತರ ನನಗೆ ಉತ್ತರ ಕೊಡುವುದು ಅವರಿಗೆ ಸುಲಭವಿರಲಿಲ್ಲ. ಪಂಜೆ ಮುಖಕ್ಕೆಳೆದುಕೊಂಡು ಮಲಗಿದರು. ನಾನು ಗೌರಿಯನ್ನು, ಅವ್ವನ ಮನೆಯಂತೆ ಇಲ್ಲೂ ಪಡಸಾಲೆಯ ತೊಲೆಗೆ ಕಟ್ಟಿದ ಜೋಳಿಗೆಗೆ ಹಾಕಿ, ಇನ್ನು ಸದ್ದು ಮಾಡಬೇಕಲ್ಲ, ಏನು ಮಾಡಲಿ ಎಂದು ತಬ್ಬಿಬ್ಬಾಗಿ ನಿಂತೆ. ವರ್ಷಗಟ್ಟಲೆ ಸದ್ದಿಲ್ಲದೆ ಬದುಕಿದವರಿಗೆ ಸದ್ದು ಮಾಡುವುದೂ ಮರೆತುಹೋಗುತ್ತದೆ.

ಅಷ್ಟರಲ್ಲಿ ಹಿತ್ತಲಿನಿಂದ ಧಡ್ ಎಂದು ಒಂದು ಶಬ್ದ ಬಂತು. ಓಡಿಹೋಗಿ ನೋಡಿದೆ. ಅತ್ತೆಯವರು ಬಚ್ಚಲಿನ ತಾಮ್ರದ ಹಂಡೆಯನ್ನು ಕಲ್ಲಿನ ಮೇಲೆ ಉರುಳಿಸಿ, ಹುಣಸೆಹಣ್ಣು, ಬೂದಿ, ತೆಂಗಿನ ನಾರು ಇಟ್ಟುಕೊಂಡು ಕೂತಿದ್ದರು. ಆ ಹಂಡೆಯನ್ನು ದೀಪಾವಳಿಗಲ್ಲದೆ ಯಾರೂ ತಿಕ್ಕಿದವರಲ್ಲ. ಅವರು ಅದನ್ನು ಉರುಳಿಸುತ್ತ, ಬಡಿಯುತ್ತ, ಬೇಕಿದ್ದಕ್ಕಿಂತ ಹೆಚ್ಚು ಜೋರಾಗಿ ತಿಕ್ಕುತ್ತಿದ್ದರು. ನನ್ನತ್ತ ನೋಡಲಿಲ್ಲ.

ಪಡಸಾಲೆಯಿಂದ ಮಾವನವರ ದನಿ ಬಂತು, ಅಲ್ಲೇನು ನಡೆದಿದೆ ಎಂದು.

"ಹಂಡೆ ತಿಕ್ಕಾಕತ್ತೇನ್ರಿ," ಎಂದರು ಅತ್ತೆಯವರು. ಅಷ್ಟು ಎತ್ತರದ ದನಿ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

"ಈಗಾ?"

"ಈಗ ರೀ. ಕೂಸು ಮಲಗೇತಿ."

ಕೂಸು ಮೊದಲ ದಿನವೇ ಮಾದರಿಯಾಗಿ ಮಲಗಿತು ಎಂದರೆ ಸುಳ್ಳಾಗುತ್ತದೆ. ಜಾಗ ಬದಲಾಗಿತ್ತು, ಅತ್ತಳು. ಅರ್ಧ ತಾಸಿನ ಹೊತ್ತಿಗೆ ಅವಳು ಅಲುಗಿದಾಗ ಎತ್ತಿಕೊಳ್ಳದೆ ಇರಲು ನಾನು ಎರಡೂ ಕೈಗಳ ಮೇಲೆ ಕೂರುತ್ತಿದ್ದೆ. ಒಂದೆರಡು ದಿನ ಸೋತು ಎತ್ತಿಕೊಂಡದ್ದೂ ಹೌದು. ಮಾವನವರು ಅದನ್ನು ಪಂಜೆಯ ಕೆಳಗಿನಿಂದ ತೃಪ್ತಿಯಿಂದ ನೋಡಿದ್ದೂ ಹೌದು. ಆದರೆ ಸ್ನಾನ, ಹೊಗೆ, ಹಾಲು, ಜೋಳಿಗೆ ಎಂಬ ಸಾಲನ್ನು ನಾನು ಬಿಡಲಿಲ್ಲ. ಮನೆ ಸದ್ದು ಮಾಡುವುದನ್ನು ಅತ್ತೆಯವರು ಬಿಡಲಿಲ್ಲ. ಅವರು ಹಂಡೆಯಿಂದ ಕೊಡಗಳಿಗೆ, ಕೊಡಗಳಿಂದ ತಂಬಿಗೆಗಳಿಗೆ ಇಳಿದರು, ತಾಮ್ರ ಮುಗಿದ ಮೇಲೆ ಹಿತ್ತಾಳೆಗೆ ಕೈಹಾಕಿದರು. ನಮ್ಮ ಮನೆಯ ಪಾತ್ರೆಗಳು ಅಷ್ಟು ಹೊಳೆದದ್ದು ಅದಕ್ಕೂ ಮೊದಲಿಲ್ಲ, ನಂತರವೂ ಇಲ್ಲ. ಗೌರಿ ಊಟದ ಹೊತ್ತಿಗೆ ಮಲಗಿ ಬಿಸಿಲು ಇಳಿದ ಮೇಲೆ ಏಳತೊಡಗಿದಳು. ಮಾವನವರಿಗೂ ನಿದ್ದೆ ಬರದೇನೂ ಹೋಗಲಿಲ್ಲ. ಬಂತು. ಆದರೆ ತಾವು ಮಲಗಿರುವುದು ಯಾರಿಗೂ ಗೊತ್ತಾಗದ ಹಾಗೆ ಮಲಗುವುದರಲ್ಲಿ ಅವರಿಗೆ ಏನು ಸುಖ?

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಹಿತ್ತಲು ಸುಮ್ಮನಿತ್ತು. ನಾನು ಒಳಗೆ ಬಂದು ನೋಡಿದೆ. ಅತ್ತೆಯವರು ಜೋಳಿಗೆ ತೂಗಲೆಂದು ಕೆಳಗೆ ಕೂತವರು, ಹಾಗೇ ಚಾಪೆಯ ಮೇಲೆ ಉರುಳಿ, ಕೈಯಲ್ಲಿ ಜೋಳಿಗೆಯ ಹಗ್ಗ ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ಬಾಯಿ ಅರ್ಧ ತೆರೆದಿತ್ತು. ಬೂದಿ ಹತ್ತಿದ ಕಾಲು ಗಾದಿಯವರೆಗೆ ಚಾಚಿತ್ತು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಹಗಲಿನಲ್ಲಿ ಅವರು ಬೆನ್ನು ನೆಲಕ್ಕೆ ಹಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಇನ್ನೊಬ್ಬರ ನಿದ್ದೆ ಕಾಯುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ನಾನು ಬಾಗಿಲ ಬಳಿ ಕೂತು ಅಕ್ಕಿ ಆರಿಸತೊಡಗಿದೆ.

ಮೂರೂವರೆಗೆ ಮಾವನವರು ಎದ್ದು, ಎಂದಿನಂತೆ ಅಕ್ಕಪಕ್ಕ ನೋಡದೆ ನೇರ ಹೋಗಿ ಮುಖ ತೊಳೆದು ಬಂದರು. ಚಹಾ ಇರಲಿಲ್ಲ. ಅಡಿಗೆಮನೆಗೆ ಹೋಗಿ ನಿಂತು ನೋಡಿದರು. ಸಕ್ಕರೆ ಯಾವ ಡಬ್ಬಿಯಲ್ಲಿದೆ ಎಂಬುದು, ಊರಿಗೆಲ್ಲ ಸಕ್ಕರೆ ತೂಗಿಕೊಟ್ಟ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ನಾನು ಎದ್ದು ಮಾಡಿಕೊಡಬಹುದಿತ್ತು. ಏಳಲಿಲ್ಲ. ಅವರು ಹೆಂಡತಿಯ ಹೆಸರು ಹಿಡಿದು ಕೂಗಲು ಬಾಯಿ ತೆರೆದರು.

"ಸಾವಕಾಶ ಮಾತಾಡ್ರಿ ಮಾವಾರ, ಮಲಗ್ಯಾರ," ಎಂದೆ.

"ಯಾರು, ಕೂಸಾ?"

"ಇಬ್ಬರೂ."

ಅವರು ಪಡಸಾಲೆಯ ಬಾಗಿಲಿಗೆ ಬಂದು ಚಾಪೆಯ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಗುರುತು ಸಿಗದವರನ್ನು ನೋಡಿದ ಹಾಗೆ. ಆಮೇಲೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ನಡೆದು ಹೋಗಿ, ಒಂದೊಂದೇ ಹಲಗೆಯನ್ನು ಸದ್ದಾಗದಂತೆ ತೆಗೆದು ಅಂಗಡಿ ಸುರು ಮಾಡಿದರು. ಅವತ್ತು ಸಾವಕಾರರು ಚಹಾ ಇಲ್ಲದೆ ವ್ಯಾಪಾರ ಮಾಡಿದರು. ಸತ್ತೇನೂ ಹೋಗಲಿಲ್ಲ.